ಎಸ್‌ಪಿಎಫ್ ಎಷ್ಟು, ಮಮ್ಮಿ?

ಹೋದ ಏಪ್ರಿಲ್‌ನಲ್ಲಿ ನಮ್ಮ ಪುಣೆಯ ಅಡುಗೆಮನೆಯಲ್ಲಿ ನಾನೊಂದು ಕ್ರೀಮು ಮಾಡಿದೆ. ಕುದಿಯುವ ನೀರಿನ ಮೇಲೆ ಬಟ್ಟಲಿಟ್ಟು ಜೇನುಮೇಣ, ಶಿಯಾ ಬೆಣ್ಣೆ ಕರಗಿಸಿ, ಕೆಳಗಿಳಿಸಿ, ಉಗುರುಬೆಚ್ಚಗಾದ ಮೇಲೆ ರಾಸ್ಪ್‌ಬೆರಿ ಬೀಜದ ಎಣ್ಣೆ ಬೆರೆಸುವುದು. 30 ಎಂಎಲ್‌ನ ಕಂದು ಸೀಸೆ. ಧಾರವಾಡದಿಂದ ಬಂದಿದ್ದ ಅವ್ವನಿಗೆ ಅದರ ಬೆಲೆ ಹೇಳಿರಲಿಲ್ಲ.

ಮಹಾಬಳೇಶ್ವರದಲ್ಲಿ ರಾಸ್ಪ್‌ಬೆರಿ ತಿಂದು, ಹಲ್ಲಿನ ಸಂದಿಗೆ ಸಿಕ್ಕ ಬೀಜಕ್ಕೆ ಬೈದವರೇ ನಾವು. ಜಾಮು, ಜ್ಯೂಸು ಮಾಡಿ ಉಳಿದ ಆ ಬೀಜವನ್ನೇ ಒಣಗಿಸಿ ಹಿಂಡಿದರೆ ಈ ಎಣ್ಣೆ. ಅರ್ಧಕ್ಕಿಂತ ಹೆಚ್ಚು ಲಿನೋಲಿಕ್ ಆಮ್ಲ, ಹಾಗಾಗಿ ಕೊಬ್ಬರಿ ಎಣ್ಣೆಯಂತೆ ಮೇಲೆ ಕೂರದೆ ಚರ್ಮಕ್ಕೆ ಬೇಗ ಇಳಿಯುತ್ತದೆ. ಅದೇ ಕಾರಣಕ್ಕೆ ಬೇಗ ಕಮಟೂ ಆಗುತ್ತದೆ, ಫ್ರಿಜ್‌ನಲ್ಲಿಡಬೇಕು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮಾರುವವರ ವಿವರಣೆಯಲ್ಲಿ ಇನ್ನೊಂದು ಸಾಲಿತ್ತು: ಸಹಜ ಎಸ್‌ಪಿಎಫ್ 28ರಿಂದ 50. ಹದಿಮೂರರ ಮಗಳಿಗೆ ಬೇಸಿಗೆ ರಜೆಯ ಈಜು ತರಗತಿ, ಬೆಳಿಗ್ಗೆ ಹನ್ನೊಂದಕ್ಕೆ. ಸನ್‌ಸ್ಕ್ರೀನ್ ಹಚ್ಚಿದರೆ ಮುಖ ಬೆಳ್ಳಗೆ ಕಾಣುತ್ತದೆ, ಗೆಳತಿಯರು ನಗುತ್ತಾರೆ ಎಂಬುದು ಅವಳ ತಕರಾರು. ನನಗೆ ಪರಿಹಾರ ಸಿಕ್ಕಿತ್ತು.

“ಎಸ್‌ಪಿಎಫ್ ಎಷ್ಟು, ಮಮ್ಮಿ?”

“ಮೂವತ್ತರ ಮ್ಯಾಲೇ ಅದ, ಹಚ್ಕೋ.”

ಅವ್ವ ಒಂದೇ ಮಾತು ಹೇಳಿದಳು, “ಎಣ್ಣಿ ಹಚ್ಚಿ ಬಿಸಲಿಗೆ ಕಳಸ್ತೀಯೇನ? ಮಾರಿ ಕರದಂಗ ಆಗ್ತದ ನೋಡು.” ಎಂಟೆಕ್ ಮಾಡಿದ ನಾನು ನಕ್ಕೆ.

ಮೂರನೇ ದಿನ ಮೂಗು, ಕೆನ್ನೆ ಕೆಂಪೇರಿ ಉರಿ. ರಾತ್ರಿ ದಿಂಬಿಗೆ ಮುಖ ತಾಗಿಸಲಾರದೆ ಕೂತೇ ಇದ್ದಳು. ಮರುದಿನ ಚರ್ಮದ ಡಾಕ್ಟರು, “ಯಾವ ಸನ್‌ಸ್ಕ್ರೀನ್ ಹಚ್ಚುತ್ತಿದ್ದೆ?” ಎಂದು ಕೇಳಿದರು. ಅವಳು ನನ್ನ ಮುಖ ನೋಡಿ ಸುಮ್ಮನಾದಳು. ನನ್ನನ್ನು ಬಚಾವು ಮಾಡಲು ನೋಡುತ್ತಿದ್ದಾಳೆ ಎಂದು ಗೊತ್ತಾದಾಗ ಆದ ಸಂಕಟ ಆ ಕೆಂಪು ಮುಖ ನೋಡಿದಾಗಲೂ ಆಗಿರಲಿಲ್ಲ. ನಾನೇ ಹೇಳಿದೆ.

ಅಂದು ರಾತ್ರಿ ಕೂತು ಹುಡುಕಿದೆ. ಮೂಲ, 2000ದಲ್ಲಿ ‘ಫುಡ್ ಕೆಮಿಸ್ಟ್ರಿ’ ಪತ್ರಿಕೆಯಲ್ಲಿ ಬಂದ ಕೆನಡಾದ ವಿಜ್ಞಾನಿಗಳ ಲೇಖನ. ಅವರು ಅಳೆದದ್ದು ಎಣ್ಣೆಯ ಮೂಲಕ ಎಷ್ಟು ಬೆಳಕು ಹಾಯುತ್ತದೆ ಎಂಬುದನ್ನು, ಉಪಕರಣದಲ್ಲಿ. ಅದನ್ನು ಟೈಟಾನಿಯಂ ಡೈಆಕ್ಸೈಡ್‌ಗೆ ಹೋಲಿಸಿದ ಒಂದು ಸಾಲಿನಿಂದ ಆ ಅಂಕಿ ಬಿಡಿಸಿಕೊಂಡು ಬಂದಿದೆ. ಎಸ್‌ಪಿಎಫ್ ಅಳೆಯುವುದು ಮನುಷ್ಯರ ಚರ್ಮದ ಮೇಲೆ, ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಈ ಲೇಖನದವರು ಯಾರ ಚರ್ಮಕ್ಕೂ ಹಚ್ಚಿರಲಿಲ್ಲ. ನನ್ನ ಮಗಳಿಗೆ ಹಚ್ಚಿದವಳು ನಾನು. ಆಫೀಸಿನಲ್ಲಿ ಟೀಮಿನವರು ಒಂದು ಅಂಕಿ ಕೊಟ್ಟರೆ ಎಲ್ಲಿಂದ ಬಂತು ಎಂದು ಕೇಳದೆ ಸ್ಲೈಡಿಗೆ ಹಾಕುವವಳಲ್ಲ.

ಎಣ್ಣೆಯನ್ನು ಬಿಟ್ಟಿಲ್ಲ. ಈ ಚಳಿಗಾಲಕ್ಕೆ ಹೊಸ ಸೀಸೆ ತರಿಸಿದೆ; ಮಲಗುವ ಮುಂಚೆ ಅವಳ ಮೊಣಕೈಗೆ, ಕಾಲಿಗೆ ಹಚ್ಚುತ್ತೇನೆ. ಕೈ ಚಾಚುವ ಮೊದಲು ಅವಳು ಸೀಸೆ ತಿರುಗಿಸಿ ಲೇಬಲ್ ಓದುತ್ತಾಳೆ. “ಇದು ರಾತ್ರಿದು ಹೌದಲ್ಲ, ಮಮ್ಮಿ?”

“ಹೌದವ್ವ, ರಾತ್ರಿದು.”