ಕುದುರೆಮುಖದ ಹುಲ್ಲು ಮತ್ತು ಕಾನು

ಕುದುರೆಮುಖವೆಂಬುದು ಕಡಲ ಕಡೆಯಿಂದ ನೋಡಿದವರು ಇತ್ತ ಹೆಸರು. ಪಡುವಣ ಕರಾವಳಿಯಿಂದ ಕಾಣುವ ಈ ಶಿಖರದ ಪಾರ್ಶ್ವವು ಅಶ್ವಮುಖವನ್ನು ಹೋಲುವುದರಿಂದ, ಹಿಂದಿನ ನಾವಿಕರಿಗೆ ಅದು ದಿಕ್ಕು ತಿಳಿಸುವ ಗುರುತಾಗಿತ್ತು. ಸುಮಾರು 1,890 ಮೀಟರ್ ಎತ್ತರದ ಈ ಶಿಖರದ ಬುಡದಲ್ಲಿ ತುಳುನಾಡು, ಬೆನ್ನಿಗೆ ಮಲೆನಾಡು. ಇಂದು ನಾವು ಎಲ್ಲೆಯೆಂದು ಭಾವಿಸುವ ಘಟ್ಟ ಹಿಂದೊಮ್ಮೆ ಒಂದೇ ಅರಸುಮನೆತನದ ಒಳನಾಡಾಗಿತ್ತು. ಘಟ್ಟದ ಮೇಲಣ ಕಳಸವನ್ನೂ ಕೆಳಗಣ ಕಾರ್ಕಳವನ್ನೂ ಭೈರರಸರು ಆಳಿದರು. 1432ರಲ್ಲಿ ಕಾರ್ಕಳದ ಬಂಡೆಯ ಮೇಲೆ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯನು ಆ ಮನೆತನದವನೇ. ಆ ಇತಿಹಾಸದ ಜಾಡು ಹಿಡಿದು ಕಾರ್ಕಳದಿಂದ ಕಳಸಕ್ಕೆ ಹಲವು ಬಾರಿ ಹೋಗಿ ಬಂದಿದ್ದೇನೆ. ನಡುವಣ ದಾರಿಯೇ ನನಗೆ ಈ ರಾಷ್ಟ್ರೀಯ ಉದ್ಯಾನದ ಪರಿಚಯ ಮಾಡಿಸಿತು.

ಬಜಗೋಳಿ, ಮಾಳಗಳನ್ನು ದಾಟಿ ಘಟ್ಟವೇರುವಾಗ ದಾರಿಯ ಎರಡೂ ಕಡೆ ಬಿಸಿಲು ನೆಲ ಮುಟ್ಟದ ನಿತ್ಯಹರಿದ್ವರ್ಣದ ಕಾಡು. ಮೇಲೇರಿದಂತೆ ಕಾಡು ಸರಿದು ಆಕಾಶ ತೆರೆದುಕೊಳ್ಳುತ್ತದೆ. ಕಣ್ಣು ಹಾಯುವಷ್ಟು ದೂರ ಹುಲ್ಲು ಹೊದ್ದ ಬೆಟ್ಟಗಳು. ಬೆಟ್ಟ ಬೆಟ್ಟಗಳ ನಡುವಣ ಮಡಿಕೆಗಳಲ್ಲಿ ಮಾತ್ರ ದಟ್ಟವಾದ ಕಾನು. ಮೊದಲ ಬಾರಿ ಬಂದವರು ಇಲ್ಲಿ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಈ ಬೆಟ್ಟಗಳೇಕೆ ಬೋಳಾಗಿವೆ? ಇಲ್ಲಿದ್ದ ಮರಗಳನ್ನು ಯಾರು ಕಡಿದರು?

ಯಾರೂ ಕಡಿದಿಲ್ಲ. ದಿಣ್ಣೆಗಳ ಮೇಲೆ ಮಣ್ಣಿನ ಪದರ ತೆಳು. ಕಡಲಿಂದ ನೇರವಾಗಿ ಬಂದೆರಗುವ ಗಾಳಿ ಪ್ರಬಲ. ಅಲ್ಲಿ ಮರ ಬೇರೂರಿ ನಿಲ್ಲುವುದು ಕಷ್ಟ, ಹುಲ್ಲಿಗೆ ಸುಲಭ. ಮಣ್ಣೂ ತೇವವೂ ಸೇರಿ ಗಾಳಿಗೆ ಮರೆಯಾದ ಕಣಿವೆಗಳಲ್ಲಿ ಮರಗಳು ಒತ್ತೊತ್ತಾಗಿ ಬೆಳೆಯುತ್ತವೆ. ಕಾಂಡಗಳಿಗೆ ಹಾವಸೆ, ಕೊಂಬೆಗಳಿಗೆ ಸೀತಾಳೆ. ಇಂಥ ಕಾಡನ್ನು ವಿಜ್ಞಾನಿಗಳು ಶೋಲಾ ಎನ್ನುತ್ತಾರೆ. ತಮಿಳಿನ ‘ಸೋಲೈ’ ಆ ಹೆಸರಿನ ಮೂಲ. ಇದೇ ಬಗೆಯ ಹುಲ್ಲುಗಾವಲು ಇರುವ ನೀಲಗಿರಿಯಲ್ಲಿ ಜೌಗುನೆಲದ ಪದರಗಳನ್ನು ಪರಿಶೀಲಿಸಿದಾಗ, 20,000 ವರ್ಷಗಳಷ್ಟು ಹಿಂದೆಯೂ ಅಲ್ಲಿ ಹುಲ್ಲೇ ಹರಡಿತ್ತೆಂಬುದು ತಿಳಿದುಬಂದಿದೆ. ನಾವು ಕಾಡು ಕಳೆದುಹೋದ ಜಾಗವೆಂದು ಮರುಗುವ ಬೆಟ್ಟ, ನಮ್ಮ ಕೊಡಲಿಗಿಂತ ಎಷ್ಟೋ ಹಳೆಯದು.

ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ ಈ ಸೀಮೆಯಲ್ಲಿ ಹುಲ್ಲೂ ಕಾನೂ ಕೂಡಿಯೇ ನೀರನ್ನು ಕಾಯುತ್ತವೆ. ಇಳಿಜಾರಿನ ಮಣ್ಣನ್ನು ಹುಲ್ಲಿನ ಬೇರು ಹಿಡಿದಿಡುತ್ತದೆ. ಕಾನಿನ ತರಗೆಲೆ ನೀರನ್ನು ಹೀರಿಕೊಂಡು, ಬೇಸಿಗೆಯುದ್ದಕ್ಕೂ ಹನಿಹನಿಯಾಗಿ ತೊರೆಗಳಿಗೆ ಬಿಡುತ್ತದೆ. ಉದ್ಯಾನದೊಳಗಣ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ಮೊದಲಿನೆರಡು ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯನ್ನು ಸೇರಿ ಮೂಡಣ ಕಡಲಿಗೆ ಹೋಗುತ್ತವೆ; ಮೂರನೆಯದು ಮಂಗಳೂರಿನ ಬಳಿ ಪಡುವಣ ಕಡಲನ್ನು ಸೇರುತ್ತದೆ.

ಪ್ರಾಣಿಗಳೂ ಈ ಎರಡು ಲೋಕಗಳನ್ನು ಹಂಚಿಕೊಂಡಿವೆ. ಸಿಂಗಳೀಕ ಮರದ ಮೇಲಿನ ಜೀವಿ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿಬಣ್ಣದ ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡೂ ಅದರ ತವರಲ್ಲ. ಕೊಂಬೆಯಿಂದ ಕೊಂಬೆಗೆ ಸಾಗುತ್ತ ಹಣ್ಣನ್ನೂ ಹುಳುವನ್ನೂ ತಿಂದು ಬದುಕುವ ಅದಕ್ಕೆ ಮರಗಳ ಚಪ್ಪರ ತುಂಡಾದರೆ ದಾರಿಯೇ ತುಂಡಾದಂತೆ. 1980ರ ದಶಕದ ಮೊದಲಲ್ಲಿ ಉಲ್ಲಾಸ ಕಾರಂತರು ನಡೆಸಿದ ಸಿಂಗಳೀಕದ ಸಮೀಕ್ಷೆಯು ಈ ಕಾಡಿನ ಮಹತ್ತ್ವವನ್ನು ಎತ್ತಿ ತೋರಿಸಿತು. 1987ರಲ್ಲಿ ಸುಮಾರು 600 ಚದರ ಕಿ.ಮೀ. ಪ್ರದೇಶ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಕಾಟಿಯೂ ಕಡವೆಯೂ ಮೇಯಲು ಹುಲ್ಲಿಗೆ ಬಂದು, ನೆರಳಿಗೆ ಕಾನಿಗೆ ಮರಳುತ್ತವೆ. ಹುಲಿ ಅವುಗಳ ಹಿಂದೆ. ಬೋಳೆಂದು ಕಾಣುವ ಬೆಟ್ಟ ಇವುಗಳ ಪಾಲಿಗೆ ಅನ್ನದ ತಟ್ಟೆ.

ಈ ನೆಲದಡಿ ಕಬ್ಬಿಣದ ಅದಿರಿರುವುದನ್ನು 1913ರಲ್ಲಿಯೇ ಸಂಪತ್ ಅಯ್ಯಂಗಾರ್ ಗುರುತಿಸಿದ್ದರು. ಇರಾನಿಗೆ ಅದಿರು ಒದಗಿಸುವ ಒಪ್ಪಂದದ ಬೆನ್ನಿಗೆ, 1976ರಲ್ಲಿ ಕೇಂದ್ರ ಸರಕಾರದ ಕಂಪನಿ ಹುಟ್ಟಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಕೊಳ್ಳುವವರೇ ಹಿಂದೆ ಸರಿದರೂ ಗಣಿ ನಿಲ್ಲಲಿಲ್ಲ. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಪುಡಿ ಮಾಡಿ, ನೀರಿನಲ್ಲಿ ಕದಡಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯ ಮೂಲಕ ಮಂಗಳೂರಿಗೆ ಹರಿಸಲಾಯಿತು. ಉಳಿದ ಹೂಳನ್ನು ತಡೆಯಲು ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಕಟ್ಟೆ ಎದ್ದಿತು. ದೀರ್ಘ ಜನಹೋರಾಟದ ತರುವಾಯ, 2002ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ದುಡಿಮೆಯನ್ನೇ ನಂಬಿ ಪಟ್ಟಣ ಕಟ್ಟಿಕೊಂಡಿದ್ದ ಸಾವಿರಾರು ಕುಟುಂಬಗಳಿಗೆ ಅದು ಸಣ್ಣ ನೋವಾಗಿರಲಿಲ್ಲ.

ಅಗೆದ ಬೆಟ್ಟದ ಮೆಟ್ಟಿಲುಗಳ ಮೇಲೆ ಅಕೇಶಿಯ ನೆಡಲಾಯಿತು. ಕಣ್ಣಿಗೆ ಅದೂ ಹಸುರೇ. ಕುದುರೆಮುಖ ನಮ್ಮನ್ನು ಪರೀಕ್ಷಿಸುವುದು ಇಲ್ಲಿಯೇ ಎಂದು ನನಗನಿಸುತ್ತದೆ. ಮರವಿಲ್ಲದ ಪುರಾತನ ಬೆಟ್ಟವನ್ನು ಕಂಡು ಅಯ್ಯೋ ಎನ್ನುತ್ತೇವೆ; ಹೊರನಾಡಿನ ಮರ ನೆಟ್ಟ ಗಾಯವನ್ನು ಕಂಡು ಸಮಾಧಾನಪಡುತ್ತೇವೆ. ಹಸುರು ಬೇರೆ, ಕಾಡು ಬೇರೆ. ಶತಮಾನಗಳ ಗಾಳಿ ಮಳೆಗಳೊಡನೆ ಹೊಂದಿಕೊಂಡ ಹುಲ್ಲನ್ನು ಒಂದು ವನಮಹೋತ್ಸವ ಮರಳಿ ತರಲಾರದು.

ಈ ವಿವೇಕ ನಮ್ಮ ನುಡಿಯಲ್ಲಿ ಇಲ್ಲದೆ ಇರಲಿಲ್ಲ. ಮಲೆನಾಡಿನವರು ನೆಲವನ್ನೆಲ್ಲ ಕಾಡೆಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಲಿಲ್ಲ: ದಟ್ಟವಾದದ್ದು ಕಾನು, ಹುಲ್ಲಿನದು ಬ್ಯಾಣ, ತೋಟಕ್ಕೆ ಸೊಪ್ಪು ಕೊಡುವುದು ಸೊಪ್ಪಿನಬೆಟ್ಟ. ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದು ಬಳಕೆ, ಒಂದೊಂದು ಮಿತಿ. ಕಂದಾಯದ ಲೆಕ್ಕದಲ್ಲಿ ಬೆಳೆಯಿಲ್ಲದ ನೆಲ ಪಾಳಾಯಿತು. ಪಾಳೆಂದ ಮೇಲೆ ಅದನ್ನು ಅಗೆಯಲೂ ಅಳುಕಿಲ್ಲ, ಸಿಕ್ಕ ಮರವನ್ನು ನೆಡಲೂ ಅಳುಕಿಲ್ಲ. ಹೆಸರು ಅಳಿದ ಮೇಲೆ ನೆಲ ಅಳಿಯಲು ಬಹುಕಾಲ ಬೇಕಾಗುವುದಿಲ್ಲ.

ತುಂಬೆಯ ಕಟ್ಟೆಯಿಂದ ಬಂದ ನೀರನ್ನು ಮಂಗಳೂರಿನಲ್ಲಿ ಕುಡಿಯುವವರು, ಭದ್ರಾ ನಾಲೆಯ ನೀರಿನಲ್ಲಿ ದಾವಣಗೆರೆಯ ಸೀಮೆಯಲ್ಲಿ ಭತ್ತ ಬೆಳೆಯುವವರು, ಈ ಬೆಟ್ಟಗಳನ್ನು ಕಂಡಿರಲೇಬೇಕೆಂದಿಲ್ಲ. ಕಂಡವರಾದರೂ ಅವುಗಳನ್ನು ಬೋಳೆಂದು ಕರೆಯದಿರಲಿ. ಅವು ತಮ್ಮ ಪೂರ್ಣ ರೂಪದಲ್ಲಿಯೇ ಇವೆ.