ಪುಟ್ಟಿಯ ಹಕ್ಕಿಮನೆ

ನಾವಿಬ್ಬರೂ ಡಿ.ಫಾರ್ಮಾ ಓದಿದವರು. ಕೊಲ್ಲಿಗೆ ಬಂದು ಹದಿನೇಳು ವರ್ಷವಾಯಿತು. ಒಂದೇ ಆಸ್ಪತ್ರೆಯ ಔಷಧಾಲಯದಲ್ಲಿ ಇಬ್ಬರಿಗೂ ಕೆಲಸ. ರಜೆ ಸಿಕ್ಕಿದರೆ ನೇರ ಕುಂದಾಪುರ. ಕಳೆದ ಫೆಬ್ರವರಿಯಲ್ಲಿ ಮಾತ್ರ ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್‌ಗೆ ಹೋದೆವು. ತಮ್ಮ ಅಲ್ಲಿ ಕೆಲಸದಲ್ಲಿದ್ದಾನೆ.

1992ರಲ್ಲಿ ಐರೋಪ್ಯ ಒಕ್ಕೂಟದ ಒಪ್ಪಂದಕ್ಕೆ ಸಹಿ ಬಿದ್ದದ್ದು ಇದೇ ಊರಿನಲ್ಲಿ. ಮಾಸ್ ನದಿ, ಕಲ್ಲಿನ ಸೇತುವೆ ನೋಡಿದ್ದಾಯಿತು. ಮರುದಿನದಿಂದ ಮಳೆ. ಕಾರ್ನಿವಲ್ ರಜೆಯಲ್ಲಿದ್ದ ತಮ್ಮನ ಮಗಳು ಪುಟ್ಟಿ ಬಣ್ಣ ಕಾಣದ ಒಂದು ಮರದ ಹಕ್ಕಿಮನೆ ತಂದು ಮೇಜಿನ ಮೇಲಿಟ್ಟಳು. “ದೊಡ್ಡಪ್ಪ, ದೊಡ್ಡಮ್ಮ, ಇದನ್ನು ಚೆಂದ ಮಾಡಿಕೊಡಿ.”

ಚೆಂದ ಮಾಡುವುದು ನಮಗೆ ಹೇಳಿಕೊಡಬೇಕೆ? ಐಸ್‌ಕ್ರೀಮ್ ಕಡ್ಡಿ ಸೀಳಿ ಮಾಡಿಗೆ ಹೆಂಚು ಹೊದೆಸಿದೆವು. ಗೋಡೆಗೆ ಹಳದಿ, ಕೆಂಪು. ಅಲ್ಲಿಯ ಕಾರ್ನಿವಲ್ ಬಣ್ಣ ಕೆಂಪು, ಹಳದಿ, ಹಸಿರು. “ಹಸಿರು ಎಲ್ಲಿ ಅಂತ ಅಕ್ಕಪಕ್ಕದವರು ಕೇಳ್ತಾರೆ ಅಣ್ಣ” ಎಂದು ತಮ್ಮ ನಕ್ಕ. ಕನ್ನಡ ಬಾವುಟಕ್ಕೆ ಎರಡೇ ಸಾಕು ಎಂದೆವು. ಬಾಗಿಲ ತೂತಿನ ಸುತ್ತ ಮಣಿ, ಚಮಕಿ, ಲೇಸು. ಒಳಗೂ ಬೆಳ್ಳಿ ಬಣ್ಣ, ಮೇಲೊಂದು ಪದರ ಮಿನುಗುಪುಡಿ. ಎರಡು ದಿನದ ಕೆಲಸ.

ಮಳೆ ಬಿಟ್ಟಾಗ ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದ ನೋಡಿದರು. ಬಹಳ ಚೆಂದ ಎಂದರು. ಆಮೇಲೆ ಮೆಲ್ಲಗೆ, “ಇದು ನಿಮಗೋ, ಹಕ್ಕಿಗೋ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅಳತೆಪಟ್ಟಿ ತಂದರು. ದೊಡ್ಡ ಟಿಟ್ ಎಂಬ ಹಕ್ಕಿಗೆ, ಕಪ್ಪು ತಲೆ, ಬಿಳಿ ಕೆನ್ನೆ, ಹಳದಿ ಹೊಟ್ಟೆಯದು, 32 ಮಿಲಿಮೀಟರ್ ತೂತು ಬೇಕು. ಅದಕ್ಕಿಂತ ಚಿಕ್ಕದಾದ ನೀಲಿ ಟಿಟ್‌ಗೆ 28 ಸಾಕು. ನಮ್ಮ ಲೇಸು ಅಂಟಿಸಿದ ಮೇಲೆ ಉಳಿದದ್ದು 24. ಮಣಿಯನ್ನು ಹಕ್ಕಿ ಕುಕ್ಕಿ ನುಂಗೀತು. ಒಳಗಿನ ಗೋಡೆ ನುಣ್ಣಗಾದರೆ ಮರಿಗೆ ಉಗುರು ಊರಿ ಹತ್ತಿ ಹೊರಬರಲು ಆಗದು. ಬಾಗಿಲು ಈಶಾನ್ಯಕ್ಕಿದ್ದರೆ ಸುಡುವ ಬಿಸಿಲೂ ಇಲ್ಲ, ನೈಋತ್ಯದ ಗಾಳಿಮಳೆಯೂ ಇಲ್ಲ. ಅಲ್ಲಿ ಇದು ಬರೀ ಮಕ್ಕಳಾಟವಲ್ಲ. ಓಕ್ ಮರದಲ್ಲಿ ಸಾಲುಗಟ್ಟಿ ನಡೆಯುವ ಒಂದು ಕಂಬಳಿಹುಳ ಇದೆ. ಅದರ ರೋಮ ತಾಗಿದರೆ ಮೈಯೆಲ್ಲ ತುರಿಕೆ, ಕಣ್ಣುರಿ. ಈ ಟಿಟ್‌ಗಳು ಆ ಹುಳಗಳನ್ನು ತಿನ್ನುತ್ತವೆ ಎಂದೇ ಆ ದೇಶದ ಎಷ್ಟೋ ಊರುಗಳಲ್ಲಿ ಇಂಥ ಪೆಟ್ಟಿಗೆ ತೂಗುಹಾಕುತ್ತಾರೆ. ತುರಿಕೆಗೆ ಮುಲಾಮು ಕೊಡುವ ನಮಗೆ ಈ ಔಷಧಿ ಗೊತ್ತಿರಲಿಲ್ಲ.

ನಾಚಿಕೆಯಾಯಿತು. ದಿನವೂ ಸಣ್ಣಕ್ಷರದ ಎಚ್ಚರಿಕೆ ಓದುವವರು ನಾವು. ಆದರೂ ಆ ಅಂಟಿನ ಡಬ್ಬಿಯನ್ನು ತಿರುಗಿಸಿ ನೋಡಿರಲಿಲ್ಲ.

ಪುಟ್ಟಿ ಅತ್ತಳು. ಕೂತು ಕೆರೆದೆವು. ಲೇಸು, ಮಣಿ, ಚಮಕಿ ಎಲ್ಲ ಹೋಯಿತು. ಒಳಗೆ ಉಪ್ಪುಕಾಗದ ಹಾಕಿ ಬೆಳ್ಳಿ ಬಣ್ಣ ತೆಗೆದು ಮರವನ್ನು ಮತ್ತೆ ಒರಟು ಮಾಡಿದೆವು. ಹೊರಗೋಡೆಯ ಬಣ್ಣ ನೀರಿನದೇ ಆದ್ದರಿಂದ ಅಜ್ಜ ಒಪ್ಪಿದರು. ಪುಟ್ಟಿಯ ಸಮಾಧಾನಕ್ಕೆ ಅದರ ಮೇಲೆ ಬಿಳಿ ಚುಕ್ಕಿಯ ರಂಗೋಲಿ ಇಟ್ಟೆವು.

ಕೆರೆಯುತ್ತಿದ್ದಾಗ ಇಬ್ಬರಿಗೂ ಒಂದೇ ನೆನಪು. ಬಾಯಿಬಿಟ್ಟು ಹೇಳಿದ್ದು ವಿಮಾನದಲ್ಲಿ. ಊರಲ್ಲಿ ನಾವು ಕಟ್ಟಿಸಿದ ಮನೆ. ಪ್ರತಿ ರಜೆಗೆ ಒಂದೊಂದು ಸೇರಿಸಿದ್ದೇವೆ: ಫಾಲ್ಸ್ ಸೀಲಿಂಗ್, ಗ್ರಾನೈಟ್ ಕಂಬ, ಕನ್ನಡಿಯಂಥ ಟೈಲ್ಸ್. ಅಮ್ಮ ಇರುವುದು ಹಿಂದಿನ ಸಣ್ಣ ಕೋಣೆಯಲ್ಲಿ. ಹಾಲ್‌ಗೆ ಬಂದರೆ ಗೋಡೆ ಹಿಡಿದು ನಡೆಯುತ್ತಾರೆ. “ಜಾರ್ತದೆ ಮಗಾ” ಎಂದು ಹೇಳಿದ್ದು ಎರಡು ಸಲ. ಒಳ್ಳೆ ಚಪ್ಪಲಿ ತಂದುಕೊಟ್ಟಿದ್ದೆವು, ಅಷ್ಟೇ. ಹಳೆ ಮನೆಯ ಜಗಲಿಯಲ್ಲಿ ಅಜ್ಜನ ಪಟದ ಹಿಂದೆ ಗುಬ್ಬಿಗಳಿದ್ದವು. ಹೊಸ ಮನೆಯಲ್ಲಿ ಪಟ ಗೋಡೆಗೆ ಅಂಟಿಕೊಂಡೇ ಇದೆ, ಹಿಂದೆ ಜಾಗವಿಲ್ಲ.

ಏಪ್ರಿಲ್‌ನಲ್ಲಿ ಪುಟ್ಟಿ ವಿಡಿಯೊ ಕಳಿಸಿದಳು. ಕೊಕ್ಕಿನಲ್ಲಿ ಪಾಚಿ ಹಿಡಿದ ಟಿಟ್ ಒಂದು ತೂತಿನೊಳಗೆ ನುಗ್ಗಿತು. ರಂಗೋಲಿಯ ಕಡೆ ನೋಡಲೂ ಇಲ್ಲ.

ಆ ರಾತ್ರಿಯೇ ಊರಿನ ಮೇಸ್ತ್ರಿಗೆ ಫೋನ್ ಮಾಡಿದೆವು. ಹಾಲ್‌ನ ಟೈಲ್ಸ್ ಕಿತ್ತು ಒರಟಾದದ್ದು ಹಾಕಬೇಕು, ಬಚ್ಚಲಿಗೆ ಹಿಡಿಕೆ ಬೇಕು ಎಂದೆವು. ಅಷ್ಟು ದುಡ್ಡಿನ ಟೈಲ್ಸ್, ಹಾಳು ಮಾಡುವುದೇ ಎಂದು ಅವನಿಗೆ ಸಂಕಟ. ಬಡಗಿಗೆ ಗುಬ್ಬಿಪೆಟ್ಟಿಗೆಯ ಅಳತೆ ವಾಟ್ಸ್ಆ್ಯಪ್‌ನಲ್ಲಿ ಹೋಗಿದೆ. ಪಾಲಿಶ್ ಯಾವುದು ಎಂದು ಕೇಳಿದ್ದಾನೆ. ಯಾವುದೂ ಬೇಡ ಎಂದಿದ್ದೇವೆ. ಬೆಕ್ಕಿಗೆ ಎಟುಕದ ಹಾಗೆ ಎಲ್ಲಿ ತೂಗುಹಾಕಬೇಕೆಂದು ಅಮ್ಮ ಆಗಲೇ ಜಾಗ ನೋಡಿಟ್ಟಿದ್ದಾರೆ.