ಅಂಕಪಟ್ಟಿಗೆ ಸಿಗದ ಆಟಗಾರ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವು ನಮ್ಮ ಕಾಸರಗೋಡಿನ ಮಕ್ಕಳು ಗದ್ದೆಯಲ್ಲಿ ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಎದುರಾಳಿಗಳನ್ನು ಮೈಯಿಂದಲೇ ತಡೆದು, ನೆಲವನ್ನು ಗಜಗಜವಾಗಿ ಗೆಲ್ಲುವ ಆಟವದು. ಒಂದೊಂದು ಪಕ್ಷದಲ್ಲಿ 11 ಮಂದಿ. ಅವರಲ್ಲಿ ‘ಟೈಟ್ ಎಂಡ್’ ಎಂಬವನ ಸ್ಥಾನ ವಿಚಿತ್ರವಾದುದು. ದಢೂತಿ ಆಳುಗಳ ಸಾಲಿನ ತುದಿಯಲ್ಲಿ ನಿಂತ ಅವನು ಒಮ್ಮೆ ಅವರಂತೆಯೇ ಎದುರಾಳಿಯನ್ನು ನೂಕಿ ದಾರಿ ಬಿಡಿಸಬೇಕು. ಮರುಗಳಿಗೆಯಲ್ಲಿ ಹಗುರವಾಗಿ ಓಡಿಹೋಗಿ ಚೆಂಡು ಹಿಡಿಯಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳವೆಂದು ಬಾಳುವ ಗಡಿನಾಡಿನವರಿಗೆ ಅವನ ಪಾಡು ಬೇಗನೆ ಅರ್ಥವಾದೀತು.

ಕಾಲೇಜಿನಲ್ಲಿ ಆಡುವ ಇಂಥ ತರುಣನು ವೃತ್ತಿರಂಗದಲ್ಲಿ ನಿಲ್ಲಬಲ್ಲನೇ ಎಂಬುದನ್ನು ನಿರ್ಣಯಿಸುವುದು ಅಲ್ಲಿನ 32 ತಂಡಗಳಿಗೆ ವರ್ಷವರ್ಷವೂ ದೊಡ್ಡ ಚಿಂತೆ. ಮಾಪನ ಬೇರೆ, ಮೌಲ್ಯಮಾಪನ ಬೇರೆ ಎಂದು ಅಧ್ಯಾಪಕ ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಇಂಡಿಯಾನಾಪೊಲಿಸ್ ನಗರದಲ್ಲಿ ನಡೆಯುತ್ತ ಬಂದಿರುವ ಪರೀಕ್ಷೆಯಲ್ಲಿ ಮಾಪನಕ್ಕೇನೂ ಕೊರತೆಯಿಲ್ಲ. 40 ಗಜದ ಓಟ, ನಿಂತಲ್ಲಿಂದಲೇ ಜಿಗಿತ, 225 ಪೌಂಡ್ ಭಾರವನ್ನು ಎಷ್ಟು ಸಲ ಎತ್ತಬಲ್ಲನೆಂಬ ಎಣಿಕೆ, ವೈದ್ಯರ ತಪಾಸಣೆ. ಅಂಗೈಯ ಅಳತೆ ಕೂಡ! ಆದರೆ ಕಬ್ಬಿಣದ ಭಾರವು ತಿರುಗಿ ಬಂದು ನೂಕುವುದಿಲ್ಲ, ಎದುರಾಳಿ ನೂಕುತ್ತಾನೆ.

ಜಾರ್ಜ್ ಕಿಟ್ಲ್ ಎಂಬಾತನ ದೃಷ್ಟಾಂತವನ್ನೇ ನೋಡೋಣ. ಅಯೋವಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡುತ್ತಿದ್ದ ಈತ ಅಲ್ಲಿದ್ದಷ್ಟು ಕಾಲ ಹಿಡಿದ ಚೆಂಡುಗಳು ಒಟ್ಟು 48 ಮಾತ್ರ. 2017ರ ಆಯ್ಕೆಯಲ್ಲಿ ಮೂವರು ಟೈಟ್ ಎಂಡ್‌ಗಳು ಮೊದಲ ಸುತ್ತಿನಲ್ಲೇ ಹೋದರು. ಕಿಟ್ಲ್ ಐದನೆಯ ಸುತ್ತಿನ ತನಕ ಕಾದು 146ನೆಯವನಾಗಿ ಸ್ಯಾನ್ ಫ್ರಾನ್ಸಿಸ್ಕೋ ತಂಡವನ್ನು ಸೇರಿದ. ಸರದಿ ಹಿಂದಾದಷ್ಟೂ ಮೊದಲ ಒಪ್ಪಂದದ ಹಣವೂ ಕಡಿಮೆಯೆಂಬುದನ್ನು ಓದುಗರು ಗಮನಿಸಬೇಕು. ಮರುವರ್ಷ, 2018ರಲ್ಲಿ, ಅವನು 88 ಚೆಂಡುಗಳನ್ನು ಹಿಡಿದು 1,377 ಗಜಗಳನ್ನು ಗಳಿಸಿದ. ಒಂದು ಋತುವಿನಲ್ಲಿ ಯಾವ ಟೈಟ್ ಎಂಡ್‌ನೂ ಅದುವರೆಗೆ ಅಷ್ಟು ಗಳಿಸಿರಲಿಲ್ಲ. 2020ರಲ್ಲಿ ಟ್ರಾವಿಸ್ ಕೆಲ್ಸಿ 1,416 ಗಜಗಳಿಂದ ಆ ದಾಖಲೆಯನ್ನು ಮುರಿದ.

ಹಾಗಾದರೆ ಕಾಲೇಜಿನ 48 ಸುಳ್ಳೇ? ಸುಳ್ಳಲ್ಲ. ಆ ತಂಡವು ಚೆಂಡನ್ನು ಎಸೆಯುವುದಕ್ಕಿಂತ ಹೊತ್ತು ಓಡುವುದನ್ನೇ ಹೆಚ್ಚು ನೆಚ್ಚಿತ್ತು. ಅವನಿಗೆ ವಹಿಸಿದ್ದು ಬಹುಪಾಲು ದಾರಿ ಬಿಡಿಸುವ ಕೆಲಸ. ಆ ಕೆಲಸಕ್ಕೆ ಅಂಕಪಟ್ಟಿಯಲ್ಲಿ ಅಂಕಣವಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರೆಯಲಿಲ್ಲವೆಂದು ಮಗುವಿಗೆ ಸೊನ್ನೆ ಹಾಕಿದರೆ ನ್ಯಾಯವಾದೀತೇ? 40 ಗಜವನ್ನು ಅವನು 4.52 ಸೆಕೆಂಡಿನಲ್ಲಿ ಓಡಿದ್ದನೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಮಾಪನವೂ ತನ್ನ ಮಟ್ಟಿಗೆ ಸತ್ಯವನ್ನೇ ನುಡಿದಿತ್ತು.

ಇದಕ್ಕೆ ಇನ್ನೊಂದು ಮುಖವೂ ಇದೆ. 2021ರಲ್ಲಿ ಫ್ಲಾರಿಡಾದ ಕೈಲ್ ಪಿಟ್ಸ್ ನಾಲ್ಕನೆಯವನಾಗಿಯೇ ಆಯ್ಕೆಯಾಗಿ, ಮೊದಲ ವರ್ಷ 1,026 ಗಜಗಳನ್ನು ಗಳಿಸಿದ. ಮುಂದಿನ ಮೂರು ವರ್ಷಗಳಲ್ಲಿ, ನಡುವೆ ಮೊಣಕಾಲಿನ ಪೆಟ್ಟೂ ಸೇರಿ, ಒಮ್ಮೆಯೂ 700 ಮುಟ್ಟಲಿಲ್ಲ. ಆಂಟೋನಿಯೋ ಗೇಟ್ಸ್ ಕಾಲೇಜಿನಲ್ಲಿ ಈ ಆಟವನ್ನೇ ಆಡಿರಲಿಲ್ಲ, ಬಾಸ್ಕೆಟ್‌ಬಾಲ್ ಆಡಿದ್ದವನು. 2003ರಲ್ಲಿ ಯಾವ ಸುತ್ತಿನಲ್ಲೂ ಆಯ್ಕೆಯಾಗದೆ ತಂಡ ಸೇರಿದ ಆತ 2025ರಲ್ಲಿ ಆ ಆಟದ ಕೀರ್ತಿಶಾಲಿಗಳ ಸಾಲಿಗೆ ಸೇರಿದ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಮಗ ಅಲ್ಲಿ ಓದುತ್ತಿದ್ದಾನೆ. ಅವನ ಸಹಪಾಠಿಯೊಬ್ಬನು ಟೈಟ್ ಎಂಡ್. “ಹಿಡಿದ ಚೆಂಡು ಕಡಿಮೆ, ಮಾಷ್ಟ್ರೇ. ಆಯ್ಕೆಗೆ ಹೋಗಬೇಕೋ, ಓದು ಮುಗಿಸಿ ಬೇರೆ ಕೆಲಸ ನೋಡಬೇಕೋ ಎಂದು ಅವನಿಗೆ ನಿದ್ದೆಯಿಲ್ಲ” ಎಂದು ರಜೆಯಲ್ಲಿ ಬಂದಾಗ ಹೇಳಿದ. ಇಪ್ಪತ್ತೆರಡು ವರ್ಷದ ಹುಡುಗನ ಅನ್ನದ ಪ್ರಶ್ನೆಯಿದು. ಹಗುರವಾಗಿ ಮಾತನಾಡಲು ಮನಸ್ಸು ಬರಲಿಲ್ಲ. ನೂಕುವಾಗ ಅವನ ಕೈಗಳು ಎದುರಾಳಿಯ ಎದೆಗೆ ಸರಿಯಾಗಿ ತಾಗುತ್ತವೆಯೇ, ಪಾದಗಳು ನಿಲ್ಲದೆ ನಡೆಯುತ್ತವೆಯೇ, ಪೆಟ್ಟು ಬೀಳುತ್ತಿರುವಾಗಲೂ ಚೆಂಡು ಕೈಯಲ್ಲಿ ಉಳಿಯುತ್ತದೆಯೇ, ಕೊನೆಯ ಪಾದದಲ್ಲಿ ದಣಿದ ಮೇಲೆ ಏನಾಗುತ್ತದೆ ಎಂದು ವಿಚಾರಿಸಿದೆವು. ಇವು ಸರಿಯಿದ್ದರೆ ಎಣಿಕೆಗೆ ಅಂಜದೆ ಹೋಗಲಿ, ಪದವಿಯನ್ನು ಮಾತ್ರ ಮುಗಿಸಿಯೇ ತೀರಲಿ ಎಂಬುದು ನಮ್ಮ ಅಭಿಪ್ರಾಯ. ಹುಡುಗ ಕೂಡಲೇ ಫೋನಿನಲ್ಲಿ ಗೆಳೆಯನ ಆಟವನ್ನು ತೋರಿಸಿದ. ಎಲ್ಲವೂ ಚೆಂಡು ಹಿಡಿದ ದೃಶ್ಯಗಳೇ! ಚೆಂಡು ಬೇರೆ ಕಡೆಗೆ ಹೋದಾಗಿನವುಗಳನ್ನು ತರಿಸಿಕೊಡು ಎಂದೆವು.